ಸೈಕ್ಸ್ ಮನೆತನದ ಮೂಲ: ಒಬ್ಬ ಪೂರ್ವಜನೇ, ಹಲವರೇ?

ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಷೈರ್ ಸೀಮೆಯ ಪಶ್ಚಿಮ ಭಾಗದಲ್ಲಿ, ಹಡರ್ಸ್‌ಫೀಲ್ಡ್ ಎಂಬ ಊರಿದೆ. ಅಲ್ಲಿಂದ ಕೋಲ್ನ್ ನದಿಯ ಕಣಿವೆ ಹಿಡಿದು ಪೆನೈನ್ ಬೆಟ್ಟಗಳ ಕಡೆಗೆ ಏರುತ್ತ ಹೋದರೆ ಗೋಲ್ಕರ್, ಸ್ಲಾತ್‌ವೇಟ್, ಮಾರ್ಸ್‌ಡೆನ್ ಒಂದರ ಹಿಂದೊಂದು ಬರುತ್ತವೆ. ಸ್ಲಾತ್‌ವೇಟನ್ನು ಅಲ್ಲಿನವರು ಸ್ಲಾವಿಟ್ ಅನ್ನುತ್ತಾರೆ. ಈ ಊರುಗಳ ಗೋರಿಕಲ್ಲುಗಳ ಮೇಲೆ, ಚರ್ಚಿನ ಹಳೆಯ ಮದುವೆ ಪುಸ್ತಕಗಳಲ್ಲಿ, ಮಹಾಯುದ್ಧದಲ್ಲಿ ಮಡಿದವರ ಪಟ್ಟಿಗಳಲ್ಲಿ ಒಂದು ಅಡ್ಡಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಸೈಕ್ಸ್. ಇಷ್ಟೊಂದು ಜನ ಒಂದೇ ಹೆಸರಿನವರು ಒಂದೇ ಕಣಿವೆಯಲ್ಲಿ ಹೇಗೆ ಸೇರಿದರು? ಇವರೆಲ್ಲ ಒಬ್ಬನೇ ಮೂಲಪುರುಷನ ಸಂತತಿಯೇ, ಅಥವಾ ಹಲವು ಕುಟುಂಬಗಳಿಗೆ ಬೇರೆ ಬೇರೆಯಾಗಿ ಅಂಟಿಕೊಂಡ ಹೆಸರೇ? ಹಳೆಯ ಕಡತ ಓದುವವರು ಒಂದು ಉತ್ತರ ಕೊಟ್ಟರು. 2000ದಲ್ಲಿ ಪ್ರಯೋಗಶಾಲೆ ಇನ್ನೊಂದು ಉತ್ತರ ಕೊಟ್ಟಿತು. ಅಡ್ಡಹೆಸರುಗಳ ಇಡೀ ಅಧ್ಯಯನವೇ ಈ ಜಗಳದಿಂದ ಬಹಳ ಕಲಿತಿದೆ.

ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯದ ಅಡ್ಡಹೆಸರು ತೀರಾ ಪ್ರಾಚೀನವಾದದ್ದೇನಲ್ಲ. 1066ರಲ್ಲಿ ನಾರ್ಮನ್ನರು ದೇಶ ಗೆದ್ದಾಗ ಸಾಮಾನ್ಯ ರೈತನಿಗೆ ಇದ್ದದ್ದು ಒಂದೇ ಹೆಸರು. ಜಮೀನು ಮಗನಿಗೆ ಹೋಗಬೇಕಾದ ದೊಡ್ಡ ಒಡೆಯರ ಮನೆಗಳಲ್ಲಿ ಮೊದಲು ಅಡ್ಡಹೆಸರು ನಿಂತಿತು. ಅಲ್ಲಿಂದ ಅದು ಕೆಳಗಿಳಿದು ಎಲ್ಲರಿಗೂ ತಲುಪಲು ಮುನ್ನೂರು ವರ್ಷವೇ ಬೇಕಾಯಿತು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡ. ಅದರ ಅಗತ್ಯ ಹುಟ್ಟಿದ್ದು ಕೋರ್ಟು ಮತ್ತು ತೆರಿಗೆಯ ಕಡತಗಳಲ್ಲಿ. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಗಂಡಸರಲ್ಲಿ ಬಹುಪಾಲು ಜನ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ನಾಲ್ಕೈದು ಹೆಸರುಗಳಲ್ಲೇ ಮುಗಿದುಹೋಗುತ್ತಿದ್ದರು. ದಂಡ ಕಟ್ಟಬೇಕಾದ ಜಾನ್ ಯಾವನು, ಗೇಣಿ ಬಾಕಿ ಇರುವ ಜಾನ್ ಯಾವನು ಎಂದು ಗುಮಾಸ್ತ ಬರೆದುಕೊಳ್ಳಬೇಕಿತ್ತು. ಅಪ್ಪನ ಹೆಸರು, ಕಸುಬು, ಮೈಬಣ್ಣವೋ ಗುಣವೋ ಸೂಚಿಸುವ ಮಾತು, ಇಲ್ಲವೇ ಮನೆಯಿರುವ ಜಾಗ, ಇವುಗಳಲ್ಲಿ ಯಾವುದೋ ಒಂದು ಗುರುತಾಗಿ ನಿಲ್ಲುತ್ತಿತ್ತು.

ಸೈಕ್ಸ್ ಈ ಕೊನೆಯ ಬಗೆಯದು. ಜವುಗು ನೆಲದಲ್ಲಿ ಹರಿಯುವ ಸಣ್ಣ ತೊರೆಗೆ, ನೀರು ಕೊರೆದ ಓಣಿಗೆ ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಇವತ್ತಿಗೂ ಸೈಕ್ ಎನ್ನುತ್ತಾರೆ. ಪೆನೈನ್ ಬೆಟ್ಟಗಳ ತಲೆಯ ಮೇಲೆ ಕಪ್ಪು ಪೀಟ್ ಮಣ್ಣಿನ ಬಯಲುಗಳಿವೆ. ಸ್ಪಂಜಿನ ಹಾಗೆ ಮಳೆ ಕುಡಿದು ನಿಧಾನಕ್ಕೆ ಬಿಡುವ ನೆಲ ಅದು. ಅದರ ಅಂಚಿನಿಂದ ನೂರಾರು ಕಡೆ ನೀರು ಒಸರಿ, ಜೊಂಡು ಬೆಳೆದ ತಗ್ಗುಗಳಲ್ಲಿ ಇಳಿದು ಕಣಿವೆ ಸೇರುತ್ತದೆ. ಎರಡು ಹೊಲಗಳ ನಡುವಿನ ಗಡಿಯೂ ಎಷ್ಟೋ ಕಡೆ ಇಂಥದೇ ತೊರೆ. ಅದರ ಪಕ್ಕದಲ್ಲಿ ಮನೆ ಕಟ್ಟಿಕೊಂಡವನನ್ನು ಕಡತದಲ್ಲಿ 'ಡೆಲ್ ಸೈಕ್', 'ಡೆಲ್ ಸೈಕ್ಸ್' ಎಂದು, ಅಂದರೆ ತೊರೆಯ ಕಡೆಯವನು ಎಂದು, ಬರೆದರು. ಮುಂದೆ 'ಡೆಲ್' ಉದುರಿತು.

ಈ ಭಾಗದ ಅದೃಷ್ಟವೆಂದರೆ ಇಲ್ಲಿನ ಕಡತಗಳು ಉಳಿದಿವೆ. ವೇಕ್‌ಫೀಲ್ಡ್ ಮ್ಯಾನರ್ ಕೋರ್ಟಿನ, ಅಂದರೆ ಜಮೀನಿನ ಒಡೆಯ ನಡೆಸುತ್ತಿದ್ದ ಸ್ಥಳೀಯ ಕೋರ್ಟಿನ, ಸುರುಳಿಗಳು 1274ರಿಂದ ಮೊದಲಾಗಿ ಇಪ್ಪತ್ತನೆಯ ಶತಮಾನದವರೆಗೆ ಬರುತ್ತವೆ. ಇಷ್ಟು ಉದ್ದದ ಸರಣಿ ಇಂಗ್ಲೆಂಡಿನಲ್ಲೇ ಅಪರೂಪ. ಯಾರ ದನ ಯಾರ ಬೆಳೆಗೆ ನುಗ್ಗಿತು, ಯಾರು ಅಪ್ಪಣೆಯಿಲ್ಲದೆ ಮರ ಕಡಿದರು, ಯಾವ ಹೆಂಗಸು ಕೆಟ್ಟ ಬಿಯರು ಕುದಿಸಿ ಮಾರಿದಳು ಎಂಬುದೆಲ್ಲ ಅದರಲ್ಲಿದೆ. ಅದರ ಜೊತೆಗೆ 1379ರ ತಲೆಗಂದಾಯದ ಪಟ್ಟಿ. ಹದಿನಾರು ದಾಟಿದವರೆಲ್ಲ, ಭಿಕ್ಷುಕರನ್ನು ಬಿಟ್ಟು, ತೆರಿಗೆ ಕೊಡಬೇಕಿತ್ತು. ಗಂಡಹೆಂಡತಿ ಸೇರಿ ಒಂದು ಲೆಕ್ಕ, ಬಡವನಿಗೆ ನಾಲ್ಕು ಪೆನ್ನಿ. ವೆಸ್ಟ್ ರೈಡಿಂಗಿನ, ಅಂದರೆ ಯಾರ್ಕ್‌ಷೈರಿನ ಪಶ್ಚಿಮ ವಿಭಾಗದ, ಪಟ್ಟಿ ಊರೂರು ಹೆಸರು ಸಮೇತ ಉಳಿದಿರುವುದರಿಂದ ಅಡ್ಡಹೆಸರು ಹುಡುಕುವವರಿಗೆ ಅದು ನಿಧಿಯೇ ಸರಿ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಂತೆ ಪ್ರತಿ ಚರ್ಚೂ ಜ್ಞಾನಸ್ನಾನ, ಮದುವೆ, ಸಾವುಗಳನ್ನು ಬರೆದಿಡತೊಡಗಿತು. ಅಲ್ಲಿಂದ ಮುಂದೆ ದಾರಿ ಸುಲಭ. ಕಾಗುಣಿತ ಮಾತ್ರ ಬರೆಯುವವನ ಕಿವಿಗೆ ಬಿಟ್ಟದ್ದು. ಒಂದೇ ಕುಟುಂಬ ಒಂದು ಪುಟದಲ್ಲಿ ಒಂದು ಬಗೆ, ಮುಂದಿನ ಪುಟದಲ್ಲಿ ಇನ್ನೊಂದು ಬಗೆ ಕಾಣಿಸುತ್ತದೆ. ಡಿಕನ್ಸ್ 'ಆಲಿವರ್ ಟ್ವಿಸ್ಟ್' ಕಾದಂಬರಿಯ ಕ್ರೂರ ಬಿಲ್ ಸೈಕ್ಸ್‌ನ ಹೆಸರನ್ನು ಬರೆದದ್ದೂ ಈ ಮನೆತನದವರು ಇಂದು ಬರೆಯುವ ಅಕ್ಷರಗಳಲ್ಲಿ ಅಲ್ಲ.

ಕಡತ ಓದಿದವರ ತೀರ್ಮಾನ ಸಹಜವಾಗಿತ್ತು. ತೊರೆಗಳು ಎಲ್ಲೆಲ್ಲೂ ಇವೆ, ಆದ್ದರಿಂದ ಹೆಸರೂ ಹಲವು ಕಡೆ ಹುಟ್ಟಿರಬೇಕು. ಕಮ್ಮಾರಿಕೆಯಿಂದ ಬಂದ ಸ್ಮಿತ್ ಎಂಬ ಹೆಸರು ಕಮ್ಮಾರನಿದ್ದ ಊರಿಗೊಂದರಂತೆ ಹುಟ್ಟಿತಲ್ಲ, ಇದೂ ಹಾಗೇ ಎಂದುಕೊಂಡರು.

ಈ ತೀರ್ಮಾನವನ್ನು ಅಲುಗಾಡಿಸಿದವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಬ್ರಯನ್ ಸೈಕ್ಸ್. ಅವರದೂ ಅದೇ ಅಡ್ಡಹೆಸರು. ಆಗ ಗ್ಲಾಕ್ಸೋ ವೆಲ್‌ಕಮ್ ಔಷಧ ಕಂಪನಿಯ ಅಧ್ಯಕ್ಷರಾಗಿದ್ದ ಸರ್ ರಿಚರ್ಡ್ ಸೈಕ್ಸ್‌ಗೂ ತಮಗೂ ನಂಟಿರಬಹುದೇ ಎಂಬ ಕುತೂಹಲದಿಂದ ಇಬ್ಬರ ವೈ ವರ್ಣತಂತುವನ್ನು ಹೋಲಿಸಿ ನೋಡಿದರು. ಹೊಂದಿಕೆಯಾಯಿತು. ವೈ ವರ್ಣತಂತು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರು ಸಾಗುವುದೂ ಹೆಚ್ಚಾಗಿ ಇದೇ ದಾರಿಯಲ್ಲಿ. ಒಬ್ಬನೇ ಮೂಲಪುರುಷನಾಗಿದ್ದರೆ ಇಂದಿನ ಸೈಕ್ಸ್ ಗಂಡಸರಲ್ಲಿ ಒಂದೇ ಬಗೆಯ ವೈ ಕಾಣಬೇಕು. ಹಲವರಾಗಿದ್ದರೆ ಹಲವು ಬಗೆ. ಅವರು ಸೈಕ್ಸ್ ಹೆಸರಿನ ಗಂಡಸರನ್ನು ಯಾದೃಚ್ಛಿಕವಾಗಿ ಆರಿಸಿ ಪರೀಕ್ಷಿಸಿದರು. ಕ್ಯಾಥರಿನ್ ಇರ್ವೆನ್ ಜೊತೆ ಬರೆದ ಲೇಖನ 2000ದಲ್ಲಿ ಅಮೆರಿಕದ ಮಾನವ ತಳಿವಿಜ್ಞಾನ ಪತ್ರಿಕೆಯಲ್ಲಿ ಬಂತು. ಪರೀಕ್ಷೆಗೆ ಒಳಗಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ವೈ ಒಂದೇ. ಅದೇ ಭಾಗದ ಬೇರೆ ಹೆಸರಿನವರಲ್ಲಿ ಆ ಬಗೆ ಕಾಣಲೇ ಇಲ್ಲ.

ಹಾಗಾದರೆ ಉಳಿದ ಅರ್ಧ? ಏಳುನೂರು ವರ್ಷದಲ್ಲಿ ಹೆಸರು ಒಂದು ಕಡೆಯಿಂದ, ರಕ್ತ ಇನ್ನೊಂದು ಕಡೆಯಿಂದ ಬಂದ ಪ್ರಸಂಗಗಳು ಕೂಡಿಕೊಂಡು ಹೀಗಾಗಿದೆ, ಅದು ತಲೆಮಾರಿಗೆ ಸರಾಸರಿ ಶೇ. 1.3ರಷ್ಟು ಎಂದು ಲೇಖನ ಅಂದಾಜು ಮಾಡಿತು. ಪತ್ರಿಕೆಗಳು ಇದನ್ನು ಹೆಂಡತಿಯರ ನಿಷ್ಠೆಯ ಲೆಕ್ಕವೆಂಬಂತೆ ಓದಿದವು. ಆ ಓದು ಸರಿಯಲ್ಲ, ಅನ್ಯಾಯದ್ದೂ ಹೌದು. ಮದುವೆಯಾಗದ ತಾಯಿಯ ಮಗ ತಾಯಿಯ ಅಡ್ಡಹೆಸರನ್ನೇ ಹೊತ್ತು ಬೆಳೆದ ಉದಾಹರಣೆಗಳು ಪ್ರತಿ ಚರ್ಚಿನ ಪುಸ್ತಕದಲ್ಲೂ ಇವೆ. ವಿಧವೆಯನ್ನು ಮದುವೆಯಾದವನು ಅವಳ ಮಕ್ಕಳಿಗೆ ತನ್ನ ಹೆಸರು ಕೊಡುತ್ತಿದ್ದ. ಅನಾಥನನ್ನು ಸಾಕಿದವರು ಕೊಡುತ್ತಿದ್ದರು. ಆಸ್ತಿವಂತರ ಮನೆಯಲ್ಲಿ ಗಂಡುಸಂತಾನವಿಲ್ಲದೆ ಹೋದರೆ, ಆಸ್ತಿ ಬೇಕಾದ ಅಳಿಯನೋ ಮೊಮ್ಮಗನೋ ಹೆಸರು ಬದಲಿಸಿಕೊಳ್ಳಬೇಕೆಂದು ಉಯಿಲಿನಲ್ಲೇ ಬರೆದಿಡುತ್ತಿದ್ದರು. ಪ್ರಯೋಗಶಾಲೆಗೆ ಇದೆಲ್ಲವೂ ಒಂದೇ ಆಗಿ ಕಾಣುತ್ತದೆ, ಮನುಷ್ಯರ ಬದುಕಿನಲ್ಲಿ ಒಂದೇ ಅಲ್ಲ.

ಈ ಸಂಶೋಧನೆ ಹೊಸ ದಾರಿ ತೆರೆಯಿತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಒಬ್ಬನೇ ಮೂಲಪುರುಷ ಎಂಬ ಅದರ ತೀರ್ಮಾನ ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು ಎಂದೇ ನನ್ನ ಅನಿಸಿಕೆ. ಒಂದನೆಯದಾಗಿ, ಅವರು ನೋಡಿದ್ದು ವರ್ಣತಂತುವಿನ ನಾಲ್ಕು ಗುರುತುಗಳನ್ನು ಮಾತ್ರ. ಇಂದಿನ ಪರೀಕ್ಷೆಗಳು ನೂರಾರು ಗುರುತು ನೋಡುತ್ತವೆ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಇಂದು ಬದುಕಿರುವವರಲ್ಲಿ ಒಂದೇ ವಂಶ ಕಾಣುತ್ತದೆ ಎಂದರೆ ಅಂದು ಒಂದೇ ವಂಶ ಇತ್ತು ಎಂದಲ್ಲ. ಉಳಿದವು ಅಳಿದಿರಬಹುದು.

ಅಡ್ಡಹೆಸರು ಅಳಿಯುವುದು ನಾವು ಎಣಿಸುವುದಕ್ಕಿಂತ ಬಹಳ ಸುಲಭ. ಹೆಣ್ಣುಮಕ್ಕಳಷ್ಟೇ ಹುಟ್ಟಿದರೆ ಆ ಮನೆಯಲ್ಲಿ ಹೆಸರು ಅಲ್ಲಿಗೇ ಮುಗಿಯಿತು. ಗಂಡುಮಗ ಮದುವೆಯಾಗದಿದ್ದರೂ ಮುಗಿಯಿತು. ದೊಡ್ಡ ದೊಡ್ಡ ಮನೆತನಗಳ ಹೆಸರು ಏಕೆ ಮಾಯವಾಗುತ್ತವೆ ಎಂಬ ಪ್ರಶ್ನೆಯನ್ನು 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ಪತ್ರಿಕೆಯಲ್ಲಿ ಗಣಿತದ ಲೆಕ್ಕವಾಗಿ ಹಾಕಿದ. ಹೆನ್ರಿ ವಿಲಿಯಂ ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಲು ಹೊರಟ. ಜನಸಂಖ್ಯೆ ಒಟ್ಟಾರೆ ಕುಗ್ಗದಿದ್ದರೂ, ಯಾರ ತಪ್ಪೂ ಇಲ್ಲದೆ, ಬರೀ ಆಕಸ್ಮಿಕದಿಂದಲೇ ಹೆಚ್ಚಿನ ಹೆಸರುಗಳು ಕೆಲವೇ ತಲೆಮಾರುಗಳಲ್ಲಿ ಕೊನೆಯಾಗುತ್ತವೆ ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಅಡ್ಡಹೆಸರಿನಿಂದ ಹುಟ್ಟಿದ ಈ ಗಣಿತವನ್ನು ಮುಂದೆ ಪರಮಾಣು ಸರಪಳಿ ಕ್ರಿಯೆಗೂ ಸಾಂಕ್ರಾಮಿಕ ರೋಗದ ಹರಡುವಿಕೆಗೂ ಬಳಸಿದರು.

ಆಕಸ್ಮಿಕದ ಜೊತೆಗೆ ಮಹಾಮಾರಿಯೂ ಬಂತು. 1348–49ರ ಪ್ಲೇಗು ಇಂಗ್ಲೆಂಡಿನ ಜನರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಒಯ್ದಿತು, ಮತ್ತೆ ಮತ್ತೆ ಮರಳಿ ಬಂತು. ಅಡ್ಡಹೆಸರುಗಳು ಆಗಷ್ಟೇ ಬೇರು ಬಿಡುತ್ತಿದ್ದ ಕಾಲ ಅದು. ತೊರೆಯ ಪಕ್ಕದ ಹತ್ತು ಮನೆಗಳಲ್ಲಿ ಹತ್ತು ಸೈಕ್ಸ್ ಕುಟುಂಬ ಇದ್ದಿದ್ದರೂ, ಅವುಗಳಲ್ಲಿ ಒಂದೆರಡು ಮಾತ್ರ ಗಂಡುಸಂತಾನದೊಡನೆ ಆಚೆ ದಾಟಿರಬಹುದು. ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ನಲವತ್ತು ಇಂಗ್ಲಿಷ್ ಅಡ್ಡಹೆಸರುಗಳನ್ನು ಒಟ್ಟಿಗೆ ಪರೀಕ್ಷಿಸಿ ತೋರಿಸಿದ್ದು ಇದನ್ನೇ. ಸ್ಮಿತ್ ಹೆಸರಿನವರ ವೈ ಊರಿನ ಯಾವುದೇ ಗುಂಪಿನಷ್ಟೇ ಚೆಲ್ಲಾಪಿಲ್ಲಿ. ಆಟನ್‌ಬರೋ ಎಂಬ ಅಪರೂಪದ ಹೆಸರಿನವರಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಜನ ಒಂದೇ ವಂಶ. ಹೆಸರು ಅಪರೂಪವಾದಷ್ಟೂ ರಕ್ತದ ನಂಟು ಗಟ್ಟಿ. ಆದರೆ ಒಂದೇ ವಂಶ ಕಾಣುವ ಕಡೆ ಆರಂಭದಲ್ಲೂ ಒಬ್ಬನೇ ಇದ್ದ ಎಂದು ಹೇಳಲಾಗದು, ಹಲವರಿಂದ ಹೊರಟರೂ ಕಾಲದ ಜರಡಿ ಒಂದನ್ನು ಉಳಿಸಿ ಇಂಥದೇ ಚಿತ್ರ ಕೊಡಬಲ್ಲದು. ಹೀಗೆ ನೋಡಿದರೆ ಸೈಕ್ಸ್ ಜಗಳದಲ್ಲಿ ಎರಡೂ ಕಡೆಯವರು ಹೇಳಿದ್ದು ನಿಜವಾಗಬಹುದು. ಕಡತ ಹೇಳುವುದು ಹುಟ್ಟಿನ ಕಥೆಯನ್ನು, ವರ್ಣತಂತು ಹೇಳುವುದು ಉಳಿವಿನ ಕಥೆಯನ್ನು.

ಹಾಗಾದರೆ ಆ ಒಂದು ವಂಶ ಇಷ್ಟು ಬೆಳೆದದ್ದು ಹೇಗೆ? ಉತ್ತರ ಉಣ್ಣೆಯಲ್ಲಿದೆ. ಪೆನೈನ್ ಕಣಿವೆಗಳ ನೆಲ ಬಡವು, ಚಳಿ ಜಾಸ್ತಿ, ಓಟ್ಸ್ ಬಿಟ್ಟರೆ ಬೆಳೆ ಕಡಿಮೆ. ತುಂಡು ಹೊಲ, ಒಂದೆರಡು ಹಸು, ಮನೆಯ ಮಾಳಿಗೆಯಲ್ಲಿ ಮಗ್ಗ, ಹೀಗೆ ಬೇಸಾಯ ಮತ್ತು ನೇಕಾರಿಕೆ ಕೂಡಿಸಿ ಬದುಕುವ ರೀತಿ ಇಲ್ಲಿ ಶತಮಾನಗಳ ಕಾಲ ನಡೆಯಿತು. ಮಕ್ಕಳು ನೂಲುತ್ತಿದ್ದರು, ದೊಡ್ಡವರು ನೇಯುತ್ತಿದ್ದರು. ಪಕ್ಕದ ಹ್ಯಾಲಿಫ್ಯಾಕ್ಸ್ ಭಾಗವನ್ನು 1720ರ ದಶಕದಲ್ಲಿ ವರ್ಣಿಸಿದ ಡ್ಯಾನಿಯಲ್ ಡಿಫೋಗೆ ಅಚ್ಚರಿ ಹುಟ್ಟಿಸಿದ್ದು ಬೆಟ್ಟದ ಇಳಿಜಾರಿನ ತುಂಬ ಹರಡಿದ ಮನೆಗಳು, ಪ್ರತಿ ಮನೆಯ ಹತ್ತಿರ ಚೌಕಟ್ಟಿಗೆ ಬಿಗಿದು ಒಣಹಾಕಿದ ಬಟ್ಟೆ, ಮತ್ತು ಪ್ರತಿ ಮನೆಗೂ ತಿರುಗಿಸಿಕೊಂಡ ಒಂದೊಂದು ಸಣ್ಣ ನೀರಿನ ಕಾಲುವೆ. ಉಣ್ಣೆ ತೊಳೆಯಲು, ಬಣ್ಣ ಹಾಕಲು ನೀರಿಲ್ಲದೆ ಆಗದು. ತೊರೆಯಿಂದ ಹೆಸರು ಪಡೆದ ಮನೆತನಕ್ಕೆ ಅದೇ ತೊರೆ ಅನ್ನವನ್ನೂ ಕೊಟ್ಟಿತು. ಕೆಲಸ ಊರಲ್ಲೇ ಸಿಕ್ಕಾಗ ಗಂಡುಮಕ್ಕಳು ಊರು ಬಿಡಲಿಲ್ಲ. ಬೇಗ ದುಡಿದರು, ಬೇಗ ಮದುವೆಯಾದರು, ಪಕ್ಕದ ಹಳ್ಳಿಯಲ್ಲೇ ನಿಂತರು. 1766ರಲ್ಲಿ ಹಡರ್ಸ್‌ಫೀಲ್ಡಿನಲ್ಲಿ ಬಟ್ಟೆ ಮಾರಾಟದ ದೊಡ್ಡ ಸಭಾಂಗಣ ಎದ್ದಿತು, ಆಮೇಲೆ ಗಿರಣಿಗಳು ಬಂದವು. ಗಿರಣಿಯೂ ಅದೇ ಕಣಿವೆಯ ನೀರಿನ ಬದಿಯಲ್ಲೇ.

ಪರಿಣಾಮವಾಗಿ ಅಡ್ಡಹೆಸರು ತನ್ನ ಕೆಲಸವನ್ನೇ ಕಳೆದುಕೊಂಡಿತು. ಜಾನ್‌ಗಳನ್ನು ಬೇರ್ಪಡಿಸಲು ಹುಟ್ಟಿದ ಹೆಸರು ಈಗ ಕಣಿವೆಯ ತುಂಬ ಜಾನ್ ಸೈಕ್ಸ್‌ಗಳನ್ನು ಇಟ್ಟಿತು. ಜನ ಮತ್ತೆ ಹಳೆಯ ಪದ್ಧತಿಗೇ ಮರಳಿದರು, ಅಪ್ಪ ಅಜ್ಜಂದಿರ ಹೆಸರು ಪೋಣಿಸಿ ಕರೆಯತೊಡಗಿದರು. 'ಬೆನ್ ಒ ಬಿಲ್ಸ್' ಎಂದರೆ ಬಿಲ್ಲನ ಮಗ ಬೆನ್. ಇದೇ ಹೆಸರಿನ ಕಾದಂಬರಿಯೊಂದಿದೆ, 1812ರಲ್ಲಿ ಈ ಭಾಗದಲ್ಲಿ ಯಂತ್ರ ಒಡೆದ ಲಡೈಟ್ ಕೆಲಸಗಾರರ ಕಥೆ. ಅದರ ಲೇಖಕರಲ್ಲಿ ಒಬ್ಬ, ಹಡರ್ಸ್‌ಫೀಲ್ಡಿನ ಇತಿಹಾಸವನ್ನೂ ಬರೆದ ಡಿ. ಎಫ್. ಇ. ಸೈಕ್ಸ್. ಬೆಟ್ಟದ ಆಚೆ ಲ್ಯಾಂಕಷೈರಿನ ಹತ್ತಿಗಿರಣಿಗಳಿಗೂ ಹೆಸರು ದಾಟಿತು. ಬ್ರಿಟನ್ನನ್ನು ದಶಕಗಳ ಕಾಲ ನಗಿಸಿದ ನಟ ಎರಿಕ್ ಸೈಕ್ಸ್ 1923ರಲ್ಲಿ ಹುಟ್ಟಿದ್ದು ಓಲ್ಡಮ್ ಎಂಬ ಗಿರಣಿ ಊರಿನಲ್ಲಿ.

ದೂರ ಹೋದವರನ್ನು ಒಯ್ದದ್ದು ವ್ಯಾಪಾರ. ಲೀಡ್ಸ್ ಪಟ್ಟಣದಲ್ಲಿ ಬಟ್ಟೆ ವ್ಯಾಪಾರ ಮಾಡಿ ಹಣ ಕಂಡ ಒಂದು ಶಾಖೆ ಪೂರ್ವದ ಹಲ್ ಬಂದರಿಗೆ ಹೋಗಿ ಸ್ವೀಡನ್ನಿನ ಕಬ್ಬಿಣ ತರಿಸಿ ಮಾರಿತು. ಮದುವೆಯ ಮೂಲಕ ಸ್ಲೆಡ್‌ಮಿಯರ್ ಎಂಬ ಜಮೀನು ಕೈಗೆ ಬಂತು, 1751ರಲ್ಲಿ ಅಲ್ಲಿ ಬಂಗಲೆ ಎದ್ದಿತು, 1783ರಲ್ಲಿ ಬ್ಯಾರನೆಟ್ ಪದವಿ ಸಿಕ್ಕಿತು. ಈ ಶಾಖೆಯ ವಂಶಾವಳಿ ಹೇಳುವಂತೆ ಅವರ ಮೂಲ ಇನ್ನೂ ಉತ್ತರದ ಕಂಬರ್‌ಲ್ಯಾಂಡ್, ಕಾರ್ಲೈಲ್ ಹತ್ತಿರ. ಅದು ನಿಜವಾದರೆ ಹೆಸರಿಗೆ ಒಂದಕ್ಕಿಂತ ಹೆಚ್ಚು ತವರು ಎಂದಾಯಿತು. 1916ರಲ್ಲಿ ಫ್ರಾನ್ಸಿನ ಪಿಕೋ ಜೊತೆ ಕೂತು ಅರಬ್ ನಾಡುಗಳ ಭೂಪಟದ ಮೇಲೆ ಗೆರೆ ಎಳೆದ ಮಾರ್ಕ್ ಸೈಕ್ಸ್ ಈ ಮನೆಯವನು. 1919ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪ್ಯಾನಿಷ್ ಜ್ವರಕ್ಕೆ ತುತ್ತಾದ. ಸೀಸದ ಪೆಟ್ಟಿಗೆಯಲ್ಲಿ ಹೂಳಿದ್ದರಿಂದ ದೇಹದಲ್ಲಿ ವೈರಾಣುವಿನ ಅವಶೇಷ ಉಳಿದಿರಬಹುದೆಂದು 2008ರಲ್ಲಿ ವಿಜ್ಞಾನಿಗಳು ಕುಟುಂಬದ ಒಪ್ಪಿಗೆ ಪಡೆದು ಗೋರಿ ತೆರೆದರು.

ಅಮೆರಿಕಕ್ಕೆ ಈ ಹೆಸರು ಹದಿನೇಳನೆಯ ಶತಮಾನದಲ್ಲೇ ಹೋಯಿತು. 1863ರ ಗೆಟಿಸ್‌ಬರ್ಗ್ ಕದನದಲ್ಲಿ ಉತ್ತರದ ಸೈನ್ಯದ ಒಂದು ದಳ ನಡೆಸಿದವನು ಜಾರ್ಜ್ ಸೈಕ್ಸ್. 1906ರಲ್ಲಿ ಅರ್ಕನ್ಸಾದಲ್ಲಿ ಹುಟ್ಟಿ ಬ್ಲೂಸ್ ಸಂಗೀತದ ಪಿಯಾನೋಗೆ ಹೆಸರಾದ ರೂಸ್‌ವೆಲ್ಟ್ ಸೈಕ್ಸ್ ಕಪ್ಪು ಜನಾಂಗದವನು. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಅಮೆರಿಕದ ಜನಗಣತಿ ಪೂರ್ಣ ಹೆಸರಿನಿಂದ ಬರೆದುಕೊಂಡದ್ದು 1870ರಲ್ಲಿ, ಅದೇ ಮೊದಲು. ಕೆಲವರು ಒಡೆಯನ ಅಡ್ಡಹೆಸರು ಉಳಿಸಿಕೊಂಡರು, ಕೆಲವರು ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಅಲ್ಲಿ ಇಂಗ್ಲಿಷ್ ಅಡ್ಡಹೆಸರಿನ ಹರಡುವಿಕೆಯನ್ನು ವಲಸೆಯ ನಕ್ಷೆ ಎಂದು ಓದುವುದು ದೊಡ್ಡ ತಪ್ಪು. ಅದರೊಳಗೆ ಬಲಾತ್ಕಾರದ ಇತಿಹಾಸವಿದೆ.

ಭಾರತಕ್ಕೆ ಬಂದ ಸೈಕ್ಸ್‌ಗಳಲ್ಲಿ ಮೊದಲು ಹೇಳಬೇಕಾದವನು ಫ್ರಾನ್ಸಿಸ್. ಯಾರ್ಕ್‌ಷೈರಿನ ಥಾರ್ನ್‌ಹಿಲ್‌ನಲ್ಲಿ ಹುಟ್ಟಿ, ಕ್ಲೈವ್‌ನ ಕಾಲದ ಬಂಗಾಳದಲ್ಲಿ, ಮುರ್ಶಿದಾಬಾದಿನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿ ಅಪಾರ ಹಣ ಬಾಚಿದ. ಆ ಹಣ ಲಂಡನ್ನಿನ ಪಶ್ಚಿಮಕ್ಕೆ ಬ್ಯಾಸಿಲ್ಡನ್ ಪಾರ್ಕ್ ಎಂಬ ಅರಮನೆಯಾಗಿ ನಿಂತಿದೆ. ಕನ್ನಡನಾಡಿಗೆ ಹತ್ತಿರದವರು ಇನ್ನಿಬ್ಬರು. ಬ್ರ್ಯಾಡ್‌ಫರ್ಡ್ ಬಳಿಯ ಕುಟುಂಬದ ವಿಲಿಯಂ ಹೆನ್ರಿ ಸೈಕ್ಸ್ 1804ರಲ್ಲಿ ಬಾಲಕನಾಗಿಯೇ ಬೊಂಬಾಯಿ ಸೈನ್ಯ ಸೇರಿ, 1820ರ ದಶಕದಲ್ಲಿ ದಖ್ಖನ್ನಿನ ಅಂಕಿಅಂಶಗಳ ವರದಿಗಾರನಾದ. ಪುಣೆ, ಅಹಮದ್‌ನಗರ, ಖಾನ್‌ದೇಶಗಳ ಜೊತೆಗೆ ಧಾರವಾಡ ಜಿಲ್ಲೆಯ ಜನ, ಜಮೀನು, ಬೆಳೆ, ಹವೆ ಎಲ್ಲವನ್ನೂ ಲೆಕ್ಕಕ್ಕೆ ತಂದ ಅವನ ವರದಿ ಆ ಕಾಲದ ಉತ್ತರ ಕರ್ನಾಟಕವನ್ನು ಅರಿಯಲು ಇಂದಿಗೂ ಬೇಕು. ದಖ್ಖನ್ನಿನ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿದ. ನಮ್ಮ ಬಯಲುಸೀಮೆಯ ಒಣಹೊಲಗಳಲ್ಲಿ ಕಾಣುವ ಜುಟ್ಟಿನ ಲಾರ್ಕ್ ಹಕ್ಕಿಯೊಂದಕ್ಕೆ ವೈಜ್ಞಾನಿಕ ಹೆಸರಿನಲ್ಲಿ 'ದೇವ' ಎಂಬ ಪದ ಇಟ್ಟವನು ಅವನೇ. ಹಕ್ಕಿನೋಟಗಾರರು ಅದನ್ನು ಸೈಕ್ಸ್ ಲಾರ್ಕ್ ಎಂದೇ ಬರೆದುಕೊಳ್ಳುತ್ತಾರೆ.

ಎರಡನೆಯವನು ಸರ್ ಫ್ರೆಡರಿಕ್ ಸೈಕ್ಸ್, 1928ರಿಂದ 1933ರವರೆಗೆ ಬೊಂಬಾಯಿಯ ಗವರ್ನರ್. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಆಗ ಅವನ ಆಳ್ವಿಕೆಗೆ ಸೇರಿದ್ದವು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅದರ ಹಿಂದೆಯೇ ಅಂಕೋಲೆ, ಸಿದ್ದಾಪುರ, ಹಿರೇಕೆರೂರು ರೈತರ ಕರನಿರಾಕರಣೆ, ಜಮೀನು ಜಪ್ತಿ, ಜೈಲು, ಎಲ್ಲವೂ ನಡೆದದ್ದು ಇವನ ಅವಧಿಯಲ್ಲಿ.

ಇವರೆಲ್ಲ ಕೋಲ್ನ್ ಕಣಿವೆಯ ಒಬ್ಬ ನೇಕಾರನ ಸಂತತಿ ಎಂದು ಊಹಿಸಲು ಮನಸ್ಸು ಓಡುತ್ತದೆ. ಹೆಸರು ನೋಡಿ ನಂಟು ಕಟ್ಟುವ ಈ ಆಸೆಗೆ ಎಚ್ಚರಿಕೆ ಕೊಡುವ ಎರಡು ಸಂಶೋಧನೆಗಳಿವೆ. ಯಾರ್ಕ್‌ಷೈರಿನದೇ ಒಂದು ಅಪರೂಪದ ಅಡ್ಡಹೆಸರಿನ ಕೆಲವು ಗಂಡಸರಲ್ಲಿ ಪಶ್ಚಿಮ ಆಫ್ರಿಕದ ವೈ ಇದೆ ಎಂದು ಟ್ಯೂರಿ ಕಿಂಗ್ ತಂಡ 2007ರಲ್ಲಿ ಪ್ರಕಟಿಸಿತು. ನೋಡಲು ಬಿಳಿಯರು, ಚರ್ಚಿನ ದಾಖಲೆಗಳಲ್ಲಿ ಹದಿನೆಂಟನೆಯ ಶತಮಾನದಿಂದ ಯಾರ್ಕ್‌ಷೈರಿನವರು. ಎಂದೋ ಆ ನಾಡಿಗೆ ಬಂದ ಒಬ್ಬ ಆಫ್ರಿಕನ್ನನ ಮಕ್ಕಳು ಅಪ್ಪಟ ಇಂಗ್ಲಿಷ್ ಅಡ್ಡಹೆಸರಿನಲ್ಲಿ ಬೆಳೆದಿದ್ದಾರೆ. ಇನ್ನೊಂದು, ಲೆಸ್ಟರಿನ ಕಾರು ನಿಲ್ದಾಣದ ಅಡಿಯಲ್ಲಿ 2012ರಲ್ಲಿ ಸಿಕ್ಕ ಮೂರನೆಯ ರಿಚರ್ಡ್ ರಾಜನ ಅಸ್ಥಿ. ತಾಯಿಯ ಕಡೆಯ ಗುರುತು ಬದುಕಿರುವ ಬಂಧುಗಳೊಡನೆ ಸರಿಹೋಯಿತು. ಗಂಡುಸಂತಾನದ ದಾರಿಯಲ್ಲಿ ಅದೇ ರಾಜವಂಶದವರೆಂದು ಶತಮಾನಗಳ ದಾಖಲೆಯಿದ್ದ ಐವರ ವೈ ಮಾತ್ರ ರಾಜನ ವೈಗೆ ಹೊಂದಲಿಲ್ಲ. ಇಂಗ್ಲೆಂಡಿನ ಅತ್ಯಂತ ಕಟ್ಟುನಿಟ್ಟಾಗಿ ಬರೆದಿಟ್ಟ ವಂಶಾವಳಿಯಲ್ಲೇ ಎಲ್ಲೋ ಕೊಂಡಿ ಕಳಚಿತ್ತು.

ಈಗ ಈ ಕ್ಷೇತ್ರದಲ್ಲಿ ಕಡತ ಮತ್ತು ವರ್ಣತಂತು ಜೊತೆಯಾಗಿ ಕೆಲಸ ಮಾಡುತ್ತಿವೆ. 2016ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ನಾಲ್ಕು ಸಂಪುಟಗಳ ಅಡ್ಡಹೆಸರು ನಿಘಂಟು ಬ್ರಿಟನ್ ಮತ್ತು ಐರ್ಲೆಂಡಿನ ನಲವತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಹಳೆಯ ದಾಖಲೆ ಸಮೇತ ಕೊಡುತ್ತದೆ. ಅದಕ್ಕೂ ಮೊದಲು, 2011ರಲ್ಲಿ, ವೆಸ್ಟ್ ರೈಡಿಂಗಿನ ಅಡ್ಡಹೆಸರುಗಳಿಗಾಗಿ ಜೀವನವನ್ನೇ ಮುಡಿಪಿಟ್ಟ ಜಾರ್ಜ್ ರೆಡ್ಮಂಡ್ಸ್, ತಳಿವಿಜ್ಞಾನಿ ಟ್ಯೂರಿ ಕಿಂಗ್, ಸ್ಥಳೀಯ ಇತಿಹಾಸಕಾರ ಡೇವಿಡ್ ಹೇ ಮೂವರೂ ಸೇರಿ ಒಂದು ಪುಸ್ತಕ ಬರೆದರು. ಒಂದೊಂದು ಹೆಸರಿಗೂ ಬೇರೆ ಬೇರೆ ಉತ್ತರ ಇರುತ್ತದೆ, ಮೊದಲು ಊರಿನ ಕಡತ ನೋಡಿ ಆಮೇಲೆ ರಕ್ತ ಪರೀಕ್ಷಿಸಬೇಕು ಎಂಬ ಕ್ರಮಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಸೈಕ್ಸ್ ವಿಷಯದಲ್ಲಿ ಆ ಕೆಲಸದ ದಾರಿ ಸ್ಪಷ್ಟ: ಕೋಲ್ನ್ ಕಣಿವೆ, ಥಾರ್ನ್‌ಹಿಲ್, ಬ್ರ್ಯಾಡ್‌ಫರ್ಡ್, ಕಂಬರ್‌ಲ್ಯಾಂಡ್, ಈ ಒಂದೊಂದು ಕಡೆಯ ಶಾಖೆಯನ್ನೂ ಚರ್ಚಿನ ಪುಸ್ತಕದಲ್ಲಿ 1538ರ ತನಕ, ಅಲ್ಲಿಂದ ಮ್ಯಾನರ್ ಸುರುಳಿಗಳಲ್ಲಿ ಇನ್ನೂ ಹಿಂದಕ್ಕೆ ಹಿಡಿದು, ಪ್ರತಿ ಶಾಖೆಯಿಂದ ಗಂಡಸರನ್ನು ಆರಿಸಿ, ನಾಲ್ಕು ಗುರುತುಗಳ ಬದಲು ನೂರಾರು ಗುರುತುಗಳನ್ನು ಹೋಲಿಸುವುದು.